ಫ್ರಿಜ್‌ನಲ್ಲಿಟ್ಟ ರಕ್ತದಲ್ಲಿ ವೈರಸ್ ಸಾಯುತ್ತದಾ?

ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ ನಿನ್ನೆ ಕೇಳಿದಳು, "ಮೇಡಂ, ಇದು ಹಳೇ ಸ್ಯಾಂಪಲ್, ಗ್ಲೌಸ್ ಬೇಕಾ?" ಬೇಕೇ ಬೇಕು. ತಂಪು ವೈರಸ್ಸನ್ನು ಕೊಲ್ಲುವುದಿಲ್ಲ, ಕಾಪಾಡುತ್ತದೆ. ವೈರಸ್ ಉಳಿಸಿಕೊಳ್ಳಬೇಕೆಂದರೆ ಮೈನಸ್ 80 ಡಿಗ್ರಿಯಲ್ಲಿ ಇಡುವುದು ಅದಕ್ಕೇ ಅಲ್ವಾ? ಲಿವರ್‌ಗೆ ಸೋಂಕು ತರುವ ಹೆಪಟೈಟಿಸ್ ಬಿ ವೈರಸ್ ಅಂತೂ ತುಂಬಾ ಗಟ್ಟಿ: ಮೈನಸ್ 15 ಡಿಗ್ರಿಯಲ್ಲಿ 15 ವರ್ಷ ಇಟ್ಟ ಸೀರಂ (ರಕ್ತದ ತಿಳಿ ದ್ರವ ಭಾಗ) ಕೂಡ ಸೋಂಕು ತಗುಲಿಸಬಲ್ಲದು, ಮೇಜಿನ ಮೇಲೆ ಒಣಗಿದ ರಕ್ತದ ಕಲೆಯಲ್ಲೂ ಅದು ಕನಿಷ್ಠ 7 ದಿನ ಉಳಿಯುತ್ತದೆ. ಸಿರಿಂಜಿನೊಳಗೆ ಉಳಿದ ರಕ್ತದಲ್ಲಿ ಹೆಪಟೈಟಿಸ್ ಸಿ 63 ದಿನದವರೆಗೆ, ಎಚ್‌ಐವಿ 42 ದಿನದವರೆಗೆ ಉಳಿದದ್ದು ಪ್ರಯೋಗಗಳಲ್ಲಿ ಕಂಡಿದೆ. ಸೆಕೆ ಜಾಸ್ತಿ ಇದ್ದರೆ ಎಚ್‌ಐವಿ ಬೇಗ ಸಾಯುತ್ತದೆ, ಆದರೆ ಫ್ರಿಜ್‌ನಲ್ಲಿ ಸೆಕೆ ಎಲ್ಲಿಂದ ಬರಬೇಕು?

ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಗಿದೆಯಾ ಅಂತ ಕೇಳಿದೆ. ಎರಡೇ ಆಗಿತ್ತು. ಮೂರನೆಯದಕ್ಕೆ ಇವತ್ತು ನಾನೇ ಕರೆದುಕೊಂಡು ಹೋದೆ.