ಮುರಿದರೆ ತಾನೇ ಮುಂದೆ ಹೋಗೋದು

11 ಫೆಬ್ರವರಿ 2024, ಭಾನುವಾರ
ಲೇಕ್ ವೇಲ್ಸ್ ರಿಡ್ಜ್, ಫ್ಲೋರಿಡಾ

ಇವತ್ತು ಬೆಳಿಗ್ಗೆ ಮರಳಲ್ಲಿ ಮೊಣಕಾಲೂರಿ, ಭೂತಗನ್ನಡಿ ಹಿಡಿದು, ಬೆರಳುದ್ದದ ಒಂದು ಕಲ್ಲುಹೂವನ್ನು (ಲೈಕೆನ್, ಅಂದರೆ ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ) ನೋಡುತ್ತಾ ಕೂತೆ. ಕಾಲು ಗಂಟೆ ಏಳಲೇ ಇಲ್ಲ. ಹೆಸರು ಕ್ಲಾಡೋನಿಯ ಪರ್ಫೊರೇಟ. ಹಿಮಸಾರಂಗಗಳು ಮೇಯುತ್ತವಲ್ಲ, ಆ ಕಲ್ಲುಹೂವುಗಳ ಬಳಗದ್ದೇ. ಅವು ಉತ್ತರ ಧ್ರುವದ ಸುತ್ತಲಿನ ನಾಡುಗಳಲ್ಲಿ ಕಣ್ಣು ಹಾಯುವಷ್ಟು ದೂರ ಹಬ್ಬಿವೆ. ಇದು ಮಾತ್ರ ಇಡೀ ಪ್ರಪಂಚದಲ್ಲಿ ಫ್ಲೋರಿಡಾ ಬಿಟ್ಟರೆ ಇನ್ನೆಲ್ಲೂ ಇಲ್ಲ.

ನಾವು ಕಲ್ಲುಹೂವು ಅನ್ನುತ್ತೇವೆ, ಇದಕ್ಕೆ ಕಲ್ಲೂ ಬೇಡ. ಸಕ್ಕರೆಯಂಥ ಬಿಳಿ ಮರಳಿನ ಮೇಲೆ ಸುಮ್ನೆ ಕೂತಿರುತ್ತದೆ. ಬೇರಿಲ್ಲ. ಹಳದಿ ಬೆರೆತ ಬೂದುಹಸಿರು ಬಣ್ಣ, ನುಣುಪು ಮೈ, ಒಳಗೆಲ್ಲ ಟೊಳ್ಳು. ಕವಲೊಡೆಯುವ ಕಡೆ ಒಂದೊಂದು ದುಂಡನೆಯ ತೂತು, ದಬ್ಬಳದಲ್ಲಿ ಚುಚ್ಚಿದ ಹಾಗೆ. ಆ ತೂತೇ ಇದರ ಗುರುತು. ಪಕ್ಕದಲ್ಲೇ ಹತ್ತಿಯ ಉಂಡೆಗಳ ಹಾಗೆ ಇನ್ನೊಂದು ಜಾತಿ ಇತ್ತು, ಕ್ಲಾಡೋನಿಯ ಇವಾನ್ಸಿಯೈ. ಅದು ಇಲ್ಲಿ ಬೇಕಾದಷ್ಟಿದೆ. ಅದಕ್ಕೆ ಯಾರ ಹೆಸರಿದೆಯೋ ಆ ಅಲೆಕ್ಸಾಂಡರ್ ಇವಾನ್ಸ್ ಅವರೇ 1952ರಲ್ಲಿ ಈ ತೂತಿನದನ್ನು ಬೇರೆ ಜಾತಿ ಅಂತ ಗುರುತಿಸಿ ಹೆಸರಿಟ್ಟವರು.

ಕರೆದುಕೊಂಡು ಹೋದವರು ಹೇಳಿದ ಒಂದು ಮಾತು ಇನ್ನೂ ತಲೆಯಲ್ಲೇ ಇದೆ. ಇದರ ಸಂತಾನ ಬೆಳೆಯುವುದು ಮುರಿದ ತುಂಡುಗಳಿಂದ. ಬೀಜಕಣ ಬಿಡುವ ಭಾಗವನ್ನು ಇದರಲ್ಲಿ ಯಾರೂ ಕಂಡಿಲ್ಲವಂತೆ. ಒಣಗಿದಾಗ ಗರಿಗರಿಯಾಗಿ ಮುರಿಯುತ್ತದೆ, ಗಾಳಿಗೋ ಮಳೆನೀರಿಗೋ ತುಂಡು ಸ್ವಲ್ಪ ಆಚೆ ಉರುಳುತ್ತದೆ, ಅಲ್ಲೇ ಬೆಳೆಯುತ್ತದೆ. ಹಾಗಂತ ತುಳಿದರೂ ಒಳ್ಳೆಯದೇ ಅಂದುಕೊಳ್ಳಬಾರದು, ತುಳಿದರೆ ಪುಡಿಯಾಗುತ್ತದೆ, ವಾಹನ ಹರಿದರಂತೂ ಮುಗಿದೇ ಹೋಯಿತು. ಒಂದು ಕಡೆ ಅಳಿದರೆ ದೂರದಿಂದ ಹಾರಿಬಂದು ಮತ್ತೆ ಬೇರೂರಲು ಬೀಜವೂ ಇಲ್ಲ, ಬೇರೂ ಇಲ್ಲ.

ಇರುವ ಜಾಗಗಳಾದರೂ ಎಷ್ಟು? ಈ ರಿಡ್ಜ್ ಒಂದು. ಸಮುದ್ರ ಮೇಲೆ ಬಂದಿದ್ದ ಕಾಲದಲ್ಲಿ ದ್ವೀಪಗಳಾಗಿ ಉಳಿದಿದ್ದ ಹಳೇ ಮರಳುದಿಬ್ಬ ಇದು. ಆಮೇಲೆ ಅಟ್ಲಾಂಟಿಕ್ ಕರಾವಳಿಯ ಕೆಲವು ತಾಣಗಳು, ಪಶ್ಚಿಮದಲ್ಲಿ ಸ್ವಲ್ಪ, ಮತ್ತೆ ನೂರಾರು ಮೈಲಿ ಆಚೆ ವಾಯವ್ಯದಲ್ಲಿ ಸಾಂಟಾ ರೋಸಾ ದ್ವೀಪ. 1945ರಲ್ಲಿ ಇದರ ಮೊದಲ ಮಾದರಿ ಸಿಕ್ಕಿದ್ದು ಆ ದ್ವೀಪದಲ್ಲೇ. 1995ರ ಅಕ್ಟೋಬರ್‌ನಲ್ಲಿ ಓಪಲ್ ಚಂಡಮಾರುತ ಬಂದು, ಸಮುದ್ರ ಉಕ್ಕಿ, ಅಲ್ಲಿದ್ದದ್ದರಲ್ಲಿ ಬಹುಪಾಲು ಕೊಚ್ಚಿಕೊಂಡು ಹೋಯಿತು. ನೆಲ ಹಿಡಿದುಕೊಳ್ಳದೆ ಬದುಕುವ ಜೀವಕ್ಕೆ ಒಂದು ದಿನದ ನೀರು ಸಾಕಾಯಿತು. ಓದುವಾಗ ಹೊಟ್ಟೆ ಕಿವುಚಿದ ಹಾಗಾಯಿತು.

ರಿಡ್ಜ್‌ನ ಕಥೆ ಬೇರೆ. ಇಲ್ಲಿನ ಕುರುಚಲು ಕಾಡಿನ ಹೆಚ್ಚಿನ ಪಾಲನ್ನು ಕಿತ್ತಳೆ ತೋಟಗಳು, ಮನೆಗಳು ನುಂಗಿವೆ. 1993ರ ಏಪ್ರಿಲ್‌ನಲ್ಲಿ ಅಮೆರಿಕದ ಫೆಡರಲ್ ಸರ್ಕಾರ ಇದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿ ಸೇರಿದ ಮೊದಲ ಕಲ್ಲುಹೂವು ಇದೇ. ಅದೇ ವರ್ಷ ಇಲ್ಲಿ ವನ್ಯಧಾಮವೂ ಆಯಿತು, ಅದೂ ಮುಖ್ಯವಾಗಿ ಅಪರೂಪದ ಸಸ್ಯಗಳಿಗಾಗಿ.

ಕಾಪಾಡುವವರಿಗೆ ಇರುವ ದೊಡ್ಡ ತಲೆನೋವು ಬೆಂಕಿ. ಬೆಂಕಿ ತಾಗಿದರೆ ಇದು ಸಾಯುತ್ತದೆ. ಬೆಂಕಿಯೇ ಬೀಳದಿದ್ದರೆ ಪೊದೆಗಳು ಬೆಳೆದು, ಎಲೆ ಉದುರಿ, ಇದಕ್ಕೆ ಬೇಕಾದ ಬರಿಮರಳು ಮುಚ್ಚಿಹೋಗುತ್ತದೆ. ಹಾಗಾಗಿ ನಡುನಡುವೆ ಬೆಂಕಿ ಮುಟ್ಟದ ತುಣುಕುಗಳು ಉಳಿಯುವ ಹಾಗೆ ನೋಡಿಕೊಂಡು ಸುಡಬೇಕು, ಅಲ್ಲಿ ಉಳಿದದ್ದು ಮುರಿದು ಉರುಳಿ ಸುಟ್ಟ ಜಾಗಕ್ಕೆ ಮತ್ತೆ ಬರಬೇಕು, ಅದಕ್ಕೆ ವರ್ಷಗಟ್ಟಲೆ ಬೇಕು. ಬೇಗ ಮುಗಿಯಲಿ ಅಂತ ಇಡೀ ಜಾಗ ಒಂದೇ ಸಲ ಸುಡುವುದು ದೊಡ್ಡ ತಪ್ಪು ಅಂತ ನನಗನಿಸುತ್ತದೆ.

ಇವತ್ತು ನೋಡಿದ್ದು ಎಲ್ಲಿ ಅಂತ ಇದಕ್ಕಿಂತ ಜಾಸ್ತಿ ಬರೆಯುವುದಿಲ್ಲ. ಫೋಟೋ ಹಾಕಿದ್ದೇನೆ, ಸಾಕು ಅಲ್ವಾ?

ವಾಪಸ್ ಬರುವಾಗ ನಮ್ಮದೇ ಹೆಜ್ಜೆಗುರುತುಗಳ ಮೇಲೆ ಕಾಲಿಟ್ಟುಕೊಂಡು ಬಂದೆವು. ಸಂಜೆ ಬೂಟು ಬಿಚ್ಚಿದಾಗ ತಳದ ಸಂದುಗಳಲ್ಲಿ ಏನಾದರೂ ಸಿಕ್ಕಿಕೊಂಡಿದೆಯಾ ಅಂತ ದೀಪದ ಕೆಳಗೆ ಹಿಡಿದು ನೋಡಿದೆ. ಬರೀ ಮರಳಿತ್ತು.