ಆರನೆಯ ಎಳೆ

ಐದು. ಆರಲ್ಲ, ಐದು.

11 ವಾರ ಸೂಕ್ಷ್ಮದರ್ಶಕದ ಮುಂದೆ ಕೂತು, 32 ಸ್ಲೈಡ್ ಮಾಡಿ, ಮಸೂರಕ್ಕೆ ಹಾಕುವ ಇಮ್ಮರ್ಶನ್ ಎಣ್ಣೆ ಒಂದು ಸೀಸೆ ಖಾಲಿ ಮಾಡಿ ಕಂಡುಕೊಂಡ ಸತ್ಯ ಇಷ್ಟೆ. ಮರವೊಂದರ ಎಲೆಗಂಟಿನೊಳಗೆ ಸಿಕ್ಕ, ಹೊಸ ಪ್ರಭೇದವಿರಬಹುದು ಎಂದು ನಾನು ಬೆನ್ನು ಹತ್ತಿರುವ ನುಸಿಯ ಬಗ್ಗೆ ಕಳೆದ ಸಲದ ಟಿಪ್ಪಣಿಯಲ್ಲಿ ‘ಗರಿಯುಗುರಿಗೆ (ಪಾದದ ತುದಿಯ ಗರಿಗೆ) ಆರು ಜೊತೆ ಎಳೆ, ಅನುಮಾನ ಬೇಡ’ ಎಂದು ಎದೆ ತಟ್ಟಿ ಬರೆದಿದ್ದೆ. ಆ ಸಾಲನ್ನು ಅಳಿಸುವುದಿಲ್ಲ. ಮನೆಯ ಮುಂದೆ ಕಟ್ಟಿದ ಬೂದುಗುಂಬಳದ ಹಾಗೆ ಅಲ್ಲೇ ತೂಗುತ್ತಿರಲಿ.

ಮರದ ಹೆಸರನ್ನು ಈ ಸಲವೂ ಹೇಳುವುದಿಲ್ಲ. ನಮ್ಮ ನಾಲ್ಕು ಕಾಲಿನ ನುಸಿಗಳು, ಅಂದರೆ ಎರಿಯೋಫಿಡ್ ಬಳಗದವು, ಸಾಮಾನ್ಯವಾಗಿ ಒಂದೇ ಗಿಡವನ್ನೋ ಅದರ ಹತ್ತಿರದ ನೆಂಟರನ್ನೋ ನೆಚ್ಚಿಕೊಂಡು ಬದುಕುವಂಥವು. ಹೆಸರಿಡುವವರೂ ಎಷ್ಟೋ ಸಲ ಆ ಗಿಡದ ಹೆಸರನ್ನೇ ಅಂಟಿಸುತ್ತಾರೆ. ಹೊಂಗೆಯ ಎಲೆಯಲ್ಲಿ ಗಂಟು ಕಟ್ಟುವುದು ಅಸೇರಿಯಾ ಪೊಂಗಾಮಿಯೆ, ತೊಗರಿಗೆ ಗೊಡ್ಡು ರೋಗ ಹಂಚುವುದು ಅಸೇರಿಯಾ ಕಜಾನಿ. ಮರ ಹೇಳಿದರೆ ಅರ್ಧ ಹೆಸರು ಹೇಳಿದ ಹಾಗೆ. ವಿವರಣೆ ಪ್ರಕಟವಾಗುವ ಮೊದಲೇ ಬರಿಯ ಹೆಸರು ಊರೆಲ್ಲ ಸುತ್ತಿದರೆ ಅದಕ್ಕೆ ನಿಯಮದ ಪ್ರಕಾರ ಬೆಲೆಯೂ ಇಲ್ಲ. ಸದ್ಯಕ್ಕೆ ನನ್ನ ನೋಟ್‌ಪುಸ್ತಕದಲ್ಲಿ ಇದರ ಹೆಸರು ‘ಶ್ಯಾವಿಗೆ’. ಎಲೆಯ ಮೇಲೆ ಸಾಸಿವೆ ಕಾಳಿನಷ್ಟು ಗಂಟು. ಎಳೆಯದಿದ್ದಾಗ ತಿಳಿಹಸಿರು, ಬಲಿತ ಮೇಲೆ ಇಟ್ಟಿಗೆಯ ಬಣ್ಣ. ಎಲೆಯ ಅಡಿಗೆ ಸೂಜಿಮೊನೆಯಷ್ಟು ಬಾಯಿ, ಬಾಯಿಗೆ ಅಡ್ಡವಾಗಿ ಬಿಳಿ ರೋಮ. ಬ್ಲೇಡಿನಿಂದ ಸೀಳಿದರೆ ಒಳಗೆ ಚೂರು ಶ್ಯಾವಿಗೆಯನ್ನು ಹಾಲಿಗೆ ಹಾಕಿ ಅಲುಗಿಸಿದ ಹಾಗೆ ಹರಿದಾಡುತ್ತಿರುತ್ತವೆ.

ಕುಲದ ಬಗ್ಗೆ ತಕರಾರಿಲ್ಲ. ಬೆನ್ನಿನ ಗುರಾಣಿಯ ಹಿಂದಿನ ಅಂಚಿನಲ್ಲೇ ಎರಡು ಗುಬುಟು, ಅಲ್ಲಿಂದ ಹೊರಟ ಕೂದಲು ಹಿಂದಕ್ಕೆ ಚಾಚಿವೆ. ಮುಂದಕ್ಕೆ ಬಾಗಿದ್ದರೆ ಎರಿಯೋಫಿಸ್ ಎಂಬ ಇನ್ನೊಂದು ಕುಲದ ಕಡೆ ನೋಡಬೇಕಿತ್ತು. ಅಸೇರಿಯಾ ಎಂದು ಬರೆದು ಮುಂದಕ್ಕೆ ಹೋದೆ. ಹೆಣ್ಣಿನ ಉದ್ದ 178ರಿಂದ 204 ಮೈಕ್ರಾನ್. ಐದನ್ನು ತಲೆಗೆ ಬಾಲ ತಾಗಿಸಿ ಮಲಗಿಸಿದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಬೆನ್ನಿನ ಉಂಗುರಗಳನ್ನು ಎಣಿಸುವುದು ಬೇಸರದ ಕೆಲಸವೇ ಹೊರತು ಕಷ್ಟದ್ದಲ್ಲ. ಮಧ್ಯೆ ಫೋನ್ ಬಾರದಿದ್ದರೆ ಸಾಕು.

ಕಷ್ಟ ಕೊಟ್ಟದ್ದು ಪಾದ. ಈ ಬಳಗಕ್ಕೆ ಕಾಲ ತುದಿಯಲ್ಲಿ ನಿಜವಾದ ಉಗುರಿಲ್ಲ, ಆ ಜಾಗದಲ್ಲಿ ಗರಿಯಂಥದ್ದು ಇರುತ್ತದೆ: ನಡುವೆ ದಂಟು, ಎರಡು ಬದಿಗೆ ಎಳೆಗಳು, ಎಳೆಗಳಿಗೆ ಮತ್ತೆ ಕವಲು. ಶ್ಯಾವಿಗೆಯಲ್ಲಿ ಇಡೀ ಗರಿಯ ಉದ್ದ 6 ಮೈಕ್ರಾನ್. ನನ್ನ 100 ಪಟ್ಟಿನ ಮಸೂರದ ತೆರಪು, ಅಂದರೆ ಬೆಳಕು ಹಿಡಿಯುವ ಶಕ್ತಿಯ ಅಳತೆ, 1.25. ಹಸಿರು ಫಿಲ್ಟರ್ ಹಾಕಿದರೂ 0.27 ಮೈಕ್ರಾನಿಗಿಂತ ಹತ್ತಿರವಿರುವ ಎರಡು ಗೆರೆಗಳು ಒಂದಾಗಿಯೇ ಕಾಣುತ್ತವೆ. ಮಸೂರದ ಯೋಗ್ಯತೆ ಎಲ್ಲಿ ಮುಗಿಯುತ್ತದೋ ಅಲ್ಲೇ ನಿಂತು ಎಳೆ ಎಣಿಸಬೇಕು. ಅಮ್ಮ ಒಂದು ರಾತ್ರಿ ಬಾಗಿಲಲ್ಲಿ ನಿಂತು ನೋಡಿ, ‘ಹೇನು ಹೆಕ್ಕುವವರನ್ನು ಕಂಡಿದ್ದೇನೆ ಕಣಪ್ಪ, ಕಾಲುಗುರು ಎಣಿಸುವವನನ್ನು ಕಂಡಿರಲಿಲ್ಲ’ ಎಂದು ಹೇಳಿ ಮಲಗಲು ಹೋದರು.

ನಾನು ಎಣಿಸಿದ್ದು ಬಲಗಡೆ ಆರು, ಎಡಗಡೆ ಐದು. ಎಳೆಗಳು ಜೊತೆ ಜೊತೆಯಾಗಿ ಇರಬೇಕು ಎಂಬುದು ಗೊತ್ತಿದ್ದರಿಂದ, ಎಡಗಡೆಯದೊಂದು ಮುರಿದಿದೆ ಎಂದುಕೊಂಡೆ. ಮುಂದಿನ ಸ್ಲೈಡಿನಲ್ಲಿ ಎಡಗಡೆ ಆರು, ಬಲಗಡೆ ಐದು. ಸರಿ, ಈ ಸಲ ಬಲಗಡೆಯದು ಮುರಿದಿದೆ! ಹೀಗೆ ಒಂಬತ್ತು ಸ್ಲೈಡುಗಳಲ್ಲಿ ಒಂಬತ್ತು ಎಳೆಗಳನ್ನು ಮನಸ್ಸಿನಲ್ಲೇ ಮುರಿದೆ. ಹೋಲಿಕೆಗೆ ಇಟ್ಟುಕೊಂಡ ಹತ್ತಿರದ ಪ್ರಭೇದಕ್ಕೆ ಐದು ಜೊತೆ. ನನ್ನದಕ್ಕೆ ಆರು ಬಂದರೆ ‘ಇದು ಬೇರೆ’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು. ಆ ಆಸೆ ಕಣ್ಣಿನ ಮುಂದೆ ಎಳೆ ನೇಯುತ್ತಿತ್ತು.

ಅಪರಾಧದ ಅರ್ಧ ಪಾಲು ಸರಬರಾಜುದಾರರಿಗೂ ಸೇರಬೇಕು. ಸ್ಲೈಡಿನ ಮೇಲೆ ಮುಚ್ಚುವ ತೆಳುಗಾಜಿಗೆ ಕವರ್ ಸ್ಲಿಪ್ ಎನ್ನುತ್ತಾರೆ; ನಾನು ಕೇಳಿದ್ದು ಒಂದೂವರೆ ನಂಬರಿನದು, ಅಂದರೆ 0.17 ಮಿಲಿಮೀಟರ್ ದಪ್ಪದ್ದು. ಡಬ್ಬಿಯ ಮೇಲೆ ಅದೇ ನಂಬರು, ಒಳಗೆ ಎರಡನೇ ನಂಬರಿನ ದಪ್ಪ ಗಾಜು. ಎಣ್ಣೆಯ ಮಸೂರವನ್ನು ಇಳಿಸುತ್ತಾ ಹೋದರೆ ಬೆನ್ನು ಸ್ಪಷ್ಟವಾಗುವ ಹೊತ್ತಿಗೆ ಗಾಜಿಗೇ ಮುತ್ತಿಡುತ್ತದೆ. ಕಾಲು ಅದಕ್ಕಿಂತ ಕೆಳಗೆ ಬಿದ್ದಿದ್ದರೆ ಮುಗಿಯಿತು, ಮಂಜು. ಫೋನ್ ಮಾಡಿದರೆ ಬಂದ ಉತ್ತರ: ‘ಸರ್, ಗಾಜು ಗಾಜೇ ಅಲ್ಲವೇ?’ ಕೊನೆಗೆ ಗೆಳೆಯನಿಂದ ಮೈಕ್ರೋಮೀಟರ್ ಸಾಲ ತಂದು ಒಂದೊಂದೇ ಗಾಜನ್ನು ಅಳೆದೆ. ನೂರರಲ್ಲಿ ಉಪಯೋಗಕ್ಕೆ ಬಂದವು 23.

ಇನ್ನು ಅಂಟಿನ ಕಥೆ. ನುಸಿಯನ್ನು ಸ್ಲೈಡಿನ ಮೇಲೆ ಕೂರಿಸುವ ಹೋಯರ್ ದ್ರಾವಣದ ಪಾಕ ನುಸಿ ನೋಡುವವರಿಗೆಲ್ಲ ಬಾಯಿಪಾಠ: 50 ಮಿಲಿ ಬಟ್ಟಿ ಇಳಿಸಿದ ನೀರು, 30 ಗ್ರಾಂ ಗಮ್ ಅರೇಬಿಕ್, 200 ಗ್ರಾಂ ಕ್ಲೋರಲ್ ಹೈಡ್ರೇಟ್, 20 ಮಿಲಿ ಗ್ಲಿಸರಿನ್. ಕ್ಲೋರಲ್‌ಗಾಗಿ ಪಟ್ಟ ಪಾಡು ಬೇಡ, ‘ಸಂಸ್ಥೆಯ ಪತ್ರ ತನ್ನಿ’ ಎಂಬ ಮಾತು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಗಮ್ ಅರೇಬಿಕ್ ಮಾತ್ರ ಹರಳಿನಲ್ಲಿ ಬೇಕೆಂದು ಮೂರು ಸಲ ಬರೆದು ಕಳಿಸಿದರೂ ಬಂದದ್ದು ಪುಡಿ. ಪುಡಿ ಹಾಕಿದರೆ ನೊರೆ, ನೊರೆ ಇಳಿಯುವಷ್ಟರಲ್ಲಿ ಗುಳ್ಳೆ. ಸಿಟ್ಟು ಬಂದು ಗ್ರಂಧಿಗೆ ಅಂಗಡಿಗೆ ಹೋಗಿ ಅಂಟಿನುಂಡೆಗೆ ಹಾಕುವ ಅಂಟು ಕೇಳಿದೆ. ಮೊದಲ ಪೊಟ್ಟಣ ನೀರಿಗೆ ಬಿದ್ದದ್ದೇ ಕರಗುವ ಬದಲು ಉಬ್ಬಿ ಲೋಳೆಯಾಗಿ ಕೂತಿತು. ಅದು ಬೇರೆ ಯಾವುದೋ ಮರದ್ದು. ಎರಡನೆಯ ಅಂಗಡಿಯ ಹರಳುಗಳು ಜೇನಿನ ಬಣ್ಣಕ್ಕಿದ್ದು ರಾತ್ರಿಯೊಳಗೆ ಕರಗಿದವು. ಮಿಕ್ಕ ಕಾಲು ಕಿಲೋ ಉಂಡೆಯಾಯಿತು. ಈ ಯೋಜನೆಯಿಂದ ಮನೆಯವರಿಗೆ ಇದುವರೆಗೆ ಸಿಕ್ಕ ಲಾಭ ಅದೊಂದೇ.

ಮಧ್ಯೆ ಇನ್ನೊಂದು ಹುಚ್ಚು ಹಿಡಿದಿದೆ, ಹೇಳಿಬಿಡುತ್ತೇನೆ. ಹಿತ್ತಿಲ ಬದನೆ ಗಿಡಕ್ಕೆ ಕೆಂಪು ಜೇಡನುಸಿ ಬಂದಿದೆ. ಅವುಗಳಲ್ಲಿ ಪ್ರಭೇದ ಗುರುತಿಸಬೇಕಾದರೆ ಗಂಡಿನ ಜನನಾಂಗದ ಕೊಕ್ಕೆ ಪಕ್ಕದಿಂದ ಹೇಗೆ ಕಾಣುತ್ತದೆ ಎಂಬುದೇ ಮುಖ್ಯ ಆಧಾರ. ಗಂಡನ್ನು ಸರಿಯಾಗಿ ಮಗ್ಗುಲಿಗೆ ಮಲಗಿಸಬೇಕು, ಕೂದಲೆಳೆಯಷ್ಟು ವಾಲಿದರೂ ಕೊಕ್ಕೆಯ ಆಕಾರ ಬೇರೆಯಾಗುತ್ತದೆ. ಕವರ್ ಸ್ಲಿಪ್ಪನ್ನು ಒಂದು ಬದಿಗೆ ತಳ್ಳಿ ನುಸಿಯನ್ನು ಉರುಳಿಸುವ ವಿದ್ಯೆ ಇದಕ್ಕೂ ಬೇಕು. ಅದನ್ನು ಕೈಗೆ ಒಗ್ಗಿಸಿಕೊಳ್ಳೋಣ ಎಂದು ಶ್ಯಾವಿಗೆಯ ಮೇಲೆ ಪ್ರಯೋಗ ಮಾಡಿದೆ. ಇಲ್ಲಿಂದಲೇ ಕಥೆ ತಿರುಗಿದ್ದು.

ಭಾನುವಾರ ಸಂಜೆ, 32ನೇ ಸ್ಲೈಡ್. ದ್ರಾವಣ ಇನ್ನೂ ಹಸಿ. ಟೂತ್‌ಪಿಕ್ಕಿಗೆ ಅಂಟಿಸಿದ ರೆಪ್ಪೆಗೂದಲಿನಿಂದ ಗಾಜಿನ ಅಂಚನ್ನು ನೂಕುತ್ತಿದ್ದೆ. ಬೀದಿಯಲ್ಲಿ ಯಾರೋ ಪಟಾಕಿ ಹಚ್ಚಿದರು. ಕೈ ಅದುರಿತು, ಗಾಜು ಜಾರಿತು, ನುಸಿ ಎರಡು ಸುತ್ತು ಉರುಳಿ ಸೊಂಟ ಮುರಿದುಕೊಂಡಿತು. ಮುಂದಿನ ಎಡಗಾಲು ಬುಡದಿಂದ ಕಿತ್ತು ಬಂದು ಎಲ್ಲೋ ಹೋಯಿತು. ಬಾಯಿಗೆ ಬಂದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಸ್ಲೈಡನ್ನು ತೊಳೆಯುವ ಮೊದಲು ಕಾಲಾದರೂ ಎಲ್ಲಿದೆ ನೋಡೋಣ ಎಂದು ಹುಡುಕಿದೆ. ಗುಳ್ಳೆಯೊಂದರ ಪಕ್ಕದಲ್ಲಿ ಸಿಕ್ಕಿತು, ಅಂಗಾತ, ಅಂಗಾಲು ಮೇಲೆ ಮಾಡಿಕೊಂಡು.

ಇಷ್ಟು ದಿನ ನಾನು ನೋಡಿದ್ದೆಲ್ಲ ಪಾದದ ಮೇಲ್ಭಾಗದಿಂದ. ಈಗ ಗರಿಯೇ ಮಸೂರಕ್ಕೆ ಹತ್ತಿರ. ಎಣಿಸಿದೆ: ಬಲಕ್ಕೆ ಐದು, ಎಡಕ್ಕೆ ಐದು. ಪ್ರತಿಯೊಂದರ ತುದಿಯಲ್ಲಿ ಕವಲು. ಮತ್ತೆ ಎಣಿಸಿದೆ, ಐದೇ. ಸೂಕ್ಷ್ಮ ತಿರುಪನ್ನು ಒಂದೆರಡು ಗೆರೆ ತಿರುಗಿಸಿ ಕೆಳಕ್ಕೆ ಇಳಿದಾಗ ಗರಿ ಕರಗಿ, ಅದರ ಹಿಂದಿನಿಂದ ಒಂದು ದಪ್ಪ ಕೋಲು ಎದ್ದು ಬಂತು. ಸ್ವಲ್ಪ ಬಾಗಿದೆ, ಕವಲಿಲ್ಲ, ತುದಿಯಲ್ಲಿ ಬೆಂಕಿಕಡ್ಡಿಯ ಮದ್ದಿನಂಥ ಗುಂಡಿ.

ಸೊಲೆನಿಡಿಯನ್, ಅಂದರೆ ಸಂವೇದನೆಯ ಕೋಲಿನಂಥ ಕೂದಲು. ಈ ನುಸಿಗಳ ಪಾದಕ್ಕೆ ಗರಿಯ ಮೇಲುಗಡೆ ಅದು ಇದ್ದೇ ಇರುತ್ತದೆ ಎಂದು ಮೊದಲ ವಾರದ ಪಾಠದಲ್ಲೇ ಕಲಿಯುತ್ತೇವೆ. ನನ್ನದೇ ರೇಖಾಚಿತ್ರದಲ್ಲಿ ಅದನ್ನು ‘ಕಂಡುಬಂದಿಲ್ಲ, ಬಹುಶಃ ಉದುರಿದೆ’ ಎಂದು ಗುರುತು ಹಾಕಿಕೊಂಡಿದ್ದೇನೆ. ಇದ್ದ ಸೊಲೆನಿಡಿಯನ್ನನ್ನು ಉದುರಿಸಿ, ಇಲ್ಲದ ಎಳೆಯನ್ನು ಹುಟ್ಟಿಸಿದ್ದೆ.

ಆ ರಾತ್ರಿಯೇ ಹಳೆಯ ಸ್ಲೈಡುಗಳನ್ನೆಲ್ಲ ಮತ್ತೆ ತೆಗೆದೆ. ದ್ರಾವಣವನ್ನು ಜಿಪುಣತನದಿಂದ ಹಾಕಿದ್ದಲ್ಲೆಲ್ಲ ಒಣಗುತ್ತಾ ಬಂದ ಹಾಗೆ ಗಾಜು ಕೂತು ಕಾಲನ್ನು ಅಪ್ಪಚ್ಚಿ ಮಾಡಿದೆ. ಮೇಲಿರಬೇಕಾದ ಕೋಲು ಗರಿಯ ಮಟ್ಟಕ್ಕೇ ಇಳಿದು ಎಳೆಗಳ ಸಾಲಿನಲ್ಲಿ ನಿಂತಿದೆ. ಕಾಲು ಎಡಕ್ಕೆ ಹೊರಳಿದ್ದರೆ ಹೆಚ್ಚಿನ ಎಳೆ ಒಂದು ಬದಿಗೆ, ಬಲಕ್ಕೆ ಹೊರಳಿದ್ದರೆ ಇನ್ನೊಂದು ಬದಿಗೆ. ಒಂಬತ್ತಕ್ಕೆ ಒಂಬತ್ತೂ ಹೀಗೆಯೇ. ದ್ರಾವಣ ಧಾರಾಳವಾಗಿದ್ದ ನಾಲ್ಕು ಸ್ಲೈಡುಗಳನ್ನು ‘ಮಸುಕು, ಬೇಡ’ ಎಂದು ಬದಿಗಿಟ್ಟಿದ್ದೆ. ಅವುಗಳಲ್ಲಿ ತಾಳ್ಮೆಯಿಂದ ನೋಡಿದರೆ ಎರಡೂ ಬದಿಗೆ ಐದೇ.

ಇದರಿಂದ ಏನಾಯಿತೆಂದರೆ, ಹೊಸ ಪ್ರಭೇದ ಎನ್ನಲು ನನಗಿದ್ದ ಅತಿ ಸುಲಭದ ಕಾರಣ ಕೈಬಿಟ್ಟಿತು. ಹತ್ತಿರದ ನೆಂಟನಿಗೂ ಐದು, ಶ್ಯಾವಿಗೆಗೂ ಐದು. ಉಳಿದಿರುವುದು ಎರಡು ವಿಷಯ. ಗುರಾಣಿಯ ನಡುಗೆರೆ ನೆಂಟನಲ್ಲಿ ಪೂರ್ತಿ ಇದೆ, ಶ್ಯಾವಿಗೆಯಲ್ಲಿ ಹಿಂದಿನ ಮೂರನೇ ಒಂದು ಭಾಗದಲ್ಲಿ ಮಾತ್ರ, ಅದೂ ಬಾಣದ ಮೊನೆಯ ಹಾಗೆ ಮುಗಿಯುತ್ತದೆ. ಹೆಣ್ಣಿನ ಜನನಾಂಗದ ಮುಚ್ಚಳದ ಮೇಲಿನ ಏಣುಗಳು ನೆಂಟನಲ್ಲಿ ಒಂದೇ ಸಾಲು, ಇದರಲ್ಲಿ ಎರಡು ಸಾಲು. ಮೇಲಿನವು ಗಿಡ್ಡ, ಮುರಿದು ಮುರಿದು ಇವೆ. ಏಣುಗಳ ಬಗ್ಗೆ ನನಗೆ ಧೈರ್ಯವಿದೆ, 14 ಹೆಣ್ಣುಗಳಲ್ಲಿ ಒಂದೇ ರೀತಿ. ನಡುಗೆರೆಯ ಬಗ್ಗೆ ಇತ್ತೀಚೆಗೆ ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಇಲ್ಲದ ಕಾರಣ, ಹಳೆಯ ಚಿತ್ರ ನೋಡದೆ ಹೊಸದಾಗಿ ಬಿಡಿಸಲು ಶುರು ಮಾಡಿದ್ದೇನೆ. ಇನ್ನೊಂದು ಭಯವೂ ಇದೆ: ಒಬ್ಬರು ಕಟ್ಟಿದ ಗಂಟಿನಲ್ಲಿ ಇನ್ನೊಂದು ಪ್ರಭೇದ ಬಾಡಿಗೆ ಕೊಡದೆ ವಾಸ ಮಾಡುವುದು ಈ ಬಳಗದಲ್ಲಿ ಮಾಮೂಲು. ಹಾಗಾಗಿ ಇನ್ನು ಮುಂದೆ ಬಾಯಿ ತೆರೆಯದ ಎಳೆಯ ಗಂಟುಗಳಿಂದ ಮಾತ್ರ ಮಾದರಿ.

1966ರಲ್ಲಿ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಿಂದ ಚನ್ನಬಸವಣ್ಣನವರು ನಮ್ಮ ದೇಶದ ಎರಿಯೋಫಿಡ್ ನುಸಿಗಳ ಬಗ್ಗೆ ಹೊರತಂದ ಕೃತಿ ಮೇಜಿನ ಮೇಲಿದೆ. ತೊಗರಿಯ ನುಸಿಗೆ ಹೆಸರಿಟ್ಟವರು ಅವರೇ. ಆ ಕಾಲದ ಚಿತ್ರಗಳನ್ನು ನೋಡುವಾಗ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ಪರದೆಯ ಮೇಲೆ ಹಿಗ್ಗಿಸಿ ನೋಡುವ ಸೌಕರ್ಯವಿಲ್ಲದೆ, ಕಣ್ಣು ಮತ್ತು ಶಾಯಿ ನಂಬಿ ಎಣಿಸಿದವರು. ನಾನು ಕ್ಯಾಮೆರಾ ಇಟ್ಟುಕೊಂಡೂ ಒಂದು ಹೆಚ್ಚಿಗೆ ಎಣಿಸಿದೆ.

ಈ ವಾರದ ಕೆಲಸ: ಹೊಸ ಹೋಯರ್, ಜಿಪುಣತನವಿಲ್ಲದೆ. ಗಾಜು ಕೂರದಂತೆ ಎರಡು ಬದಿಗೆ ಒಡೆದ ಕವರ್ ಸ್ಲಿಪ್ಪಿನ ಚೂರು ಊರೆಗೋಲಾಗಿ ಇಡುವುದು. ದಪ್ಪ ಗಾಜಿನ 77 ತುಂಡುಗಳಿಗೂ ಒಂದು ಗತಿ ಸಿಕ್ಕಿತು. ಬೇಕೆಂದೇ ಇನ್ನೂ ಆರು ಕಾಲು ಕೀಳುವುದು, ಪಟಾಕಿಯ ಸಹಾಯವಿಲ್ಲದೆ. ಬದನೆ ಗಿಡದ ಗಂಡುಗಳು ಅಲ್ಲಿಯವರೆಗೆ ಕಾಯಲಿ.

ನೆಂಟರ ಮಗು ನಿನ್ನೆ ಸ್ಲೈಡಿನ ಪೆಟ್ಟಿಗೆಗೆ ಕೈ ಹಾಕಿತ್ತು. 32ನೆಯದಕ್ಕೆ ಕೆಂಪು ಶಾಯಿಯಲ್ಲಿ ಹೊಸ ಚೀಟಿ ಅಂಟಿಸಿದ್ದೇನೆ: ‘ಎಡ ಮುಂಗಾಲು ಮಾತ್ರ. ಗುಳ್ಳೆಯ ಬಲಕ್ಕೆ. ಯಾರೂ ತೊಳೆಯಬಾರದು.’