ಇಂಗ್ಲೆಂಡಿನ ಹೈಸ್ಕೂಲ್ ಫಲಿತಾಂಶ: ಪರ್ಸೆಂಟೇಜಿಗಿಂತ ಮೊದಲು ಛೇದ ನೋಡಿ

ಆಗಸ್ಟ್ ಮಧ್ಯದ ಎರಡು ಗುರುವಾರಗಳು ಇಂಗ್ಲೆಂಡಿನ ಮಕ್ಕಳಿಗೆ ಫಲಿತಾಂಶದ ದಿನಗಳು. ಮೊದಲ ಗುರುವಾರ ಹದಿನೆಂಟು ವರ್ಷದವರ ಎ-ಲೆವೆಲ್, ಅದರ ಮುಂದಿನ ಗುರುವಾರ ಹದಿನಾರು ವರ್ಷದವರ ಜಿಸಿಎಸ್‌ಇ. ಅಂದು ಸಂಜೆಯೊಳಗೆ ಶಾಲೆಗಳ ವೆಬ್‌ಸೈಟಿನಲ್ಲಿ ಮಕ್ಕಳು ಲಕೋಟೆ ಹಿಡಿದು ಜಿಗಿಯುವ ಫೋಟೊ, ಅದರ ಕೆಳಗೆ ಒಂದೆರಡು ದೊಡ್ಡ ಸಂಖ್ಯೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಓದಿದ ಅಭ್ಯಾಸದಲ್ಲಿ ಈ ಸಂಖ್ಯೆಗಳನ್ನು ಓದಿದರೆ ಲೆಕ್ಕ ತಪ್ಪುತ್ತದೆ. ಇಲ್ಲಿ 625ಕ್ಕೆ ಇಷ್ಟು ಎಂಬ ಮೊತ್ತವಿಲ್ಲ, ರ‍್ಯಾಂಕ್ ಇಲ್ಲ, ಡಿಸ್ಟಿಂಕ್ಷನ್ ಇಲ್ಲ. ಪ್ರತಿ ವಿಷಯಕ್ಕೂ ಒಂದು ಗ್ರೇಡ್, ಅಷ್ಟೇ. ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿನ ಮಾತು ಮಾತ್ರ. ಸ್ಕಾಟ್ಲೆಂಡಿನಲ್ಲಿ ನ್ಯಾಷನಲ್ 5, ಹೈಯರ್ ಎಂಬ ಬೇರೆಯದೇ ವ್ಯವಸ್ಥೆ ಇದೆ; ವೇಲ್ಸ್‌ನಲ್ಲಿ ಜಿಸಿಎಸ್‌ಇಗೆ ಇನ್ನೂ ಅಕ್ಷರದ ಗ್ರೇಡುಗಳೇ.

ಜಿಸಿಎಸ್‌ಇ ಗ್ರೇಡು 9ರಿಂದ 1ರವರೆಗೆ. 9 ಎಲ್ಲಕ್ಕಿಂತ ಮೇಲು, 1ಕ್ಕಿಂತ ಕೆಳಗೆ ಯು, ಅಂದರೆ ಗ್ರೇಡೇ ಇಲ್ಲ. 2017ರಲ್ಲಿ ಇಂಗ್ಲಿಷ್ ಮತ್ತು ಗಣಿತದಿಂದ ಶುರುವಾದ ಈ ಪದ್ಧತಿಯಲ್ಲಿ ಹಳೆಯ ‘ಸಿ’ ದರ್ಜೆಯ ಕೆಳಗಿನ ಗೆರೆ 4ಕ್ಕೆ, ಹಳೆಯ ‘ಎ’ ದರ್ಜೆಯ ಗೆರೆ 7ಕ್ಕೆ ಬಂದು ಕೂತಿದೆ. 4 ಬಂದರೆ ಸ್ಟ್ಯಾಂಡರ್ಡ್ ಪಾಸ್, 5 ಬಂದರೆ ಸ್ಟ್ರಾಂಗ್ ಪಾಸ್. ಶಾಲೆಯೊಂದು ‘ಇಂಗ್ಲಿಷ್ ಮತ್ತು ಗಣಿತ ಎರಡರಲ್ಲೂ 72 ಪರ್ಸೆಂಟ್ ಪಾಸ್’ ಎಂದು ಬರೆದಿದ್ದರೆ, ಅದು 4ರ ಲೆಕ್ಕವೋ 5ರ ಲೆಕ್ಕವೋ ಎಂದು ಮೊದಲು ನೋಡಬೇಕು. 5ರ ಲೆಕ್ಕದಲ್ಲಿ ರಾಷ್ಟ್ರೀಯ ಸರಾಸರಿ 45ರ ಆಸುಪಾಸು, 4ರ ಲೆಕ್ಕದಲ್ಲಿ 65ರ ಆಸುಪಾಸು. ಅಂದರೆ ಅದೇ 72, ಒಂದು ಲೆಕ್ಕದಲ್ಲಿ ಬಹಳ ಒಳ್ಳೆಯ ಶಾಲೆ, ಇನ್ನೊಂದರಲ್ಲಿ ಸರಾಸರಿಗಿಂತ ತುಸು ಮೇಲಿನ ಶಾಲೆ.

ಗಣಿತದ ಗ್ರೇಡಿನಲ್ಲಿ ಊರಿನವರಿಗೆ ಗೊತ್ತಿರದ ಒಂದು ತಿರುವಿದೆ. ಗಣಿತ, ವಿಜ್ಞಾನ, ವಿದೇಶಿ ಭಾಷೆಗಳಿಗೆ ಫೌಂಡೇಶನ್ (ಸುಲಭ), ಹೈಯರ್ (ಕಠಿಣ) ಎಂದು ಎರಡು ಟಿಯರ್‌ಗಳ ಪ್ರಶ್ನೆಪತ್ರಿಕೆ. ಫೌಂಡೇಶನ್ ಬರೆದ ಮಗು ನೂರಕ್ಕೆ ನೂರು ತೆಗೆದರೂ ಸಿಗುವುದು 5. ಎ-ಲೆವೆಲ್ ಗಣಿತಕ್ಕೆ ಬಹುತೇಕ ಶಾಲೆಗಳು ಕೇಳುವುದು 6 ಅಥವಾ 7. ಹೀಗಾಗಿ ಫೌಂಡೇಶನ್ ಟಿಯರ್‌ಗೆ ಹೆಸರು ಹೋದ ದಿನವೇ ಎಂಜಿನಿಯರಿಂಗ್ ಬಾಗಿಲು ಮುಚ್ಚಿದ ಹಾಗೆ. ಪರೀಕ್ಷೆಗೆ ಹೆಸರು ಕಳಿಸುವುದು ಇಯರ್ 11ರ, ಅಂದರೆ ಜಿಸಿಎಸ್‌ಇ ಬರೆಯುವ ತರಗತಿಯ, ಫೆಬ್ರವರಿ ಹೊತ್ತಿಗೆ, ಆದರೆ ಮಗು ಯಾವ ಸೆಟ್‌ನಲ್ಲಿ (ಸಾಮರ್ಥ್ಯಕ್ಕೆ ತಕ್ಕ ಗುಂಪಿನಲ್ಲಿ) ಕೂರುತ್ತದೆ ಎಂಬುದು ಇಯರ್ 9, 10ರಲ್ಲೇ ಇದನ್ನು ಹೆಚ್ಚುಕಡಿಮೆ ತೀರ್ಮಾನಿಸಿರುತ್ತದೆ. ಊರಿಂದ ಹೊಸದಾಗಿ ಬಂದ ಮಗುವಿನ ಇಂಗ್ಲಿಷ್ ನೋಡಿ ಗಣಿತದ ಕೆಳಗಿನ ಸೆಟ್‌ಗೆ ಹಾಕುವುದುಂಟು. ಪೇರೆಂಟ್ಸ್ ಈವ್ನಿಂಗ್‌ನಲ್ಲಿ ‘ಯಾವ ಟಿಯರ್?’ ಎಂದು ನೇರವಾಗಿ ಕೇಳುವುದಕ್ಕೆ ಸಂಕೋಚ ಬೇಡ. ಹೈಯರ್ ಎಂದರೆ ಹೆದರಬೇಕಿಲ್ಲ. ಪತ್ರಿಕೆ ಕಠಿಣ, ಗೆರೆ ಸಡಿಲ: ಎಷ್ಟೋ ವರ್ಷ ಎಡೆಕ್ಸೆಲ್ ಬೋರ್ಡಿನ ಹೈಯರ್ ಗಣಿತದಲ್ಲಿ ಒಟ್ಟು 240 ಅಂಕದಲ್ಲಿ ಕಾಲು ಭಾಗಕ್ಕೂ ಕಡಿಮೆ ತೆಗೆದವರಿಗೆ 4 ಸಿಕ್ಕಿದೆ.

ಇನ್ನು ‘ಅಟೈನ್‌ಮೆಂಟ್ 8’. ಶಾಲೆಗಳ ಸರ್ಕಾರಿ ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವ ಸಂಖ್ಯೆಗಳಲ್ಲಿ ಇದೂ ಒಂದು. ಇದನ್ನು ಒಂದು ಮಗುವಿನ ಫಲಿತಾಂಶದಿಂದ ಬಿಡಿಸಿ ನೋಡಿದರೆ ಸುಲಭ. ಮಗುವಿಗೆ ಇಂಗ್ಲಿಷ್ ಭಾಷೆಯಲ್ಲಿ 6, ಇಂಗ್ಲಿಷ್ ಸಾಹಿತ್ಯದಲ್ಲಿ 5, ಗಣಿತದಲ್ಲಿ 7, ಕಂಬೈನ್ಡ್ ಸೈನ್ಸ್‌ನಲ್ಲಿ 6-5 (ಇದು ಎರಡು ವಿಷಯಕ್ಕೆ ಸಮ, ಆದ್ದರಿಂದ ಎರಡು ಗ್ರೇಡ್), ಇತಿಹಾಸ 6, ಸ್ಪ್ಯಾನಿಷ್ 4, ಆರ್ಟ್ 7 ಬಂದಿದೆ ಎನ್ನಿ. ಇಂಗ್ಲಿಷಿನ ಎರಡರಲ್ಲಿ ಹೆಚ್ಚಿನದು ದುಪ್ಪಟ್ಟು: 12. ಗಣಿತವೂ ದುಪ್ಪಟ್ಟು: 14. ಮುಂದಿನ ಮೂರು ಖಾನೆ ವಿಜ್ಞಾನ, ಕಂಪ್ಯೂಟರ್ ಸೈನ್ಸ್, ಇತಿಹಾಸ, ಭೂಗೋಳ, ಭಾಷೆಗಳಿಗೆ ಮೀಸಲು. ಕಂಬೈನ್ಡ್ ಸೈನ್ಸ್ ಎರಡು ಖಾನೆ ತುಂಬಿ 11 ಕೊಡುತ್ತದೆ, ಇತಿಹಾಸ 6, ಸೇರಿ 17. ಕೊನೆಯ ಮೂರು ಖಾನೆ ಯಾವುದಕ್ಕಾದರೂ ಸರಿ: ಆರ್ಟ್ 7, ಸಾಹಿತ್ಯ 5, ಸ್ಪ್ಯಾನಿಷ್ 4, ಒಟ್ಟು 16. ಎಲ್ಲ ಸೇರಿ 90ಕ್ಕೆ 59. ಈ ಮಗು ಇನ್ನೊಂದು ವಿಷಯ, ಉದಾಹರಣೆಗೆ ಕಂಪ್ಯೂಟರ್ ಸೈನ್ಸ್ ಬರೆದು 6 ತೆಗೆದರೆ ಸ್ಪ್ಯಾನಿಷಿನ 4 ಬಿದ್ದುಹೋಗಿ 61 ಆಗುತ್ತದೆ. ಶಾಲೆಗಳು ಒಂಬತ್ತು, ಹತ್ತು ವಿಷಯ ಓದಿಸುವುದಕ್ಕೆ ಇದೂ ಒಂದು ಕಾರಣ. ಶಾಲೆಯ ಎಲ್ಲ ಮಕ್ಕಳ ಸರಾಸರಿಯೇ ಶಾಲೆಯ ಅಂಕ. ದೇಶದ ಸರಾಸರಿ 46ರ ಹತ್ತಿರ.

ಈ ಅಂಕ ಹೇಳುವುದು ಯಾವ ಮಕ್ಕಳು ಒಳಗೆ ಬಂದರು ಎಂಬುದನ್ನೇ ಹೊರತು ಶಾಲೆ ಏನು ಕಲಿಸಿತು ಎಂಬುದನ್ನಲ್ಲ. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್ ಕಡೆಯ ಗ್ರಾಮರ್ ಸ್ಕೂಲುಗಳು ಹತ್ತು-ಹನ್ನೊಂದರ ವಯಸ್ಸಿನಲ್ಲೇ ಇಲೆವೆನ್-ಪ್ಲಸ್ ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಅವುಗಳ ಅಂಕ ಮೇಲಿರದೆ ಇನ್ನೇನು! ಇದನ್ನು ಸರಿದೂಗಿಸಲೆಂದೇ 2016ರಲ್ಲಿ ‘ಪ್ರೋಗ್ರೆಸ್ 8’ ಬಂತು. ಪ್ರಾಥಮಿಕ ಶಾಲೆಯ ಕೊನೆಯ ವರ್ಷವಾದ ಇಯರ್ 6ರ ಸ್ಯಾಟ್ಸ್ ಪರೀಕ್ಷೆಯಲ್ಲಿ ಇದೇ ಮಟ್ಟದಲ್ಲಿದ್ದ ದೇಶದ ಇತರ ಮಕ್ಕಳಿಗಿಂತ ಈ ಶಾಲೆಯ ಮಕ್ಕಳು ಎಷ್ಟು ಮುಂದೆ, ಎಷ್ಟು ಹಿಂದೆ ಎನ್ನುವ ಲೆಕ್ಕ ಅದು. ಸೊನ್ನೆ ಎಂದರೆ ಸರಾಸರಿ, ಪ್ಲಸ್ 0.5 ಎಂದರೆ ಸರಾಸರಿ ಲೆಕ್ಕದಲ್ಲಿ ಮಗುವಿಗೆ ವಿಷಯಕ್ಕೆ ಅರ್ಧ ಗ್ರೇಡ್ ಹೆಚ್ಚು. ನಮ್ಮ ಮಟ್ಟಿಗೆ ಪಟ್ಟಿಯಲ್ಲಿ ಅತ್ಯಂತ ಪ್ರಾಮಾಣಿಕ ಸಂಖ್ಯೆ ಇದೇ. ಆದರೆ 2020, 2021ರಲ್ಲಿ ಕೋವಿಡ್‌ನಿಂದ ಸ್ಯಾಟ್ಸ್ ನಡೆಯದ ಕಾರಣ, 2025 ಮತ್ತು 2026ರಲ್ಲಿ ಜಿಸಿಎಸ್‌ಇ ಬರೆಯುವ ತಂಡಗಳಿಗೆ ಈ ಲೆಕ್ಕವೇ ಇಲ್ಲ. 2023, 2024ರ ಸಂಖ್ಯೆ ಹುಡುಕಿ ನೋಡಿ. 2020, 2021ರ ಗ್ರೇಡುಗಳು ಪರೀಕ್ಷೆಯವಲ್ಲ, ಶಿಕ್ಷಕರು ಅಂದಾಜಿಸಿದವು. ಯಾರಾದರೂ ‘ಐದು ವರ್ಷದ ಸರಾಸರಿ’ ಎಂದು ಅವನ್ನೂ ಸೇರಿಸಿದ್ದರೆ ಆ ಸರಾಸರಿಯನ್ನು ಪಕ್ಕಕ್ಕಿಡಿ.

ಇನ್ನೊಂದು ವಿಚಿತ್ರ: ಸರ್ಕಾರಿ ಪಟ್ಟಿಯಲ್ಲಿ ಹೆಸರಾಂತ ಖಾಸಗಿ ಶಾಲೆಗಳ ಎದುರು ಸೊನ್ನೆಯೋ ಸೊನ್ನೆಗೆ ಹತ್ತಿರದ ಸಂಖ್ಯೆಯೋ ಕಾಣಿಸುತ್ತದೆ. ಅವು ಬರೆಸುವ ಇಂಟರ್‌ನ್ಯಾಷನಲ್ ಜಿಸಿಎಸ್‌ಇಯನ್ನು ಪಟ್ಟಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಷ್ಟೇ. ಅಂದ ಹಾಗೆ ಬಂಗಾಳಿ, ಪಂಜಾಬಿ, ಉರ್ದು, ಗುಜರಾತಿಗಳಿಗೆ ಜಿಸಿಎಸ್‌ಇ ಇದೆ, ಕನ್ನಡಕ್ಕೆ ಇಲ್ಲ. ಮನೆಮಾತಿನಿಂದ ಒಂದು ಗ್ರೇಡ್ ಗಿಟ್ಟಿಸುವ ಆಸೆ ಬಿಡಬೇಕು.

ಎ-ಲೆವೆಲ್‌ಗೆ ಬಂದರೆ ಛೇದದ ಆಟ ಇನ್ನೂ ಜೋರು. ಇಲ್ಲಿ ಗ್ರೇಡು ಅಕ್ಷರಗಳಲ್ಲಿ, ಎ-ಸ್ಟಾರ್ ಎಲ್ಲಕ್ಕಿಂತ ಮೇಲು. ‘ಶೇಕಡ 60ರಷ್ಟು ಎ-ಸ್ಟಾರ್, ಎ’ ಎಂದರೆ ಬರೆದ ಪೇಪರುಗಳಲ್ಲಿ ಶೇಕಡ 60, ಮಕ್ಕಳಲ್ಲಿ ಅಲ್ಲ. ಬರೆದವರು ಯಾರು? ಇಯರ್ 11ರಲ್ಲಿ 180 ಮಕ್ಕಳಿದ್ದ ಶಾಲೆಯ, ಎ-ಲೆವೆಲ್ ಓದುವ ಇಯರ್ 12, 13ರ ವಿಭಾಗವಾದ ಸಿಕ್ಸ್ತ್ ಫಾರ್ಮ್‌ನಲ್ಲಿ 70 ಜನ ಇರಬಹುದು. ಉಳಿದವರು 6, 7ರ ಷರತ್ತು ದಾಟದೆ ಬೇರೆ ಕಾಲೇಜಿಗೆ ಹೋದವರು. ಇಯರ್ 12ರಲ್ಲಿ ಸೇರಿ ಇಯರ್ 13ಕ್ಕೆ ಬಾರದವರು ಮತ್ತೆ ಬೇರೆ. ಒಮ್ಮೆ ಸೇರಿಸಿಕೊಂಡ ಮೇಲೆ ಅಂಕ ಸಾಲದೆಂದು ಹೊರಹಾಕುವುದು ನಿಯಮಬಾಹಿರ. ಆದರೆ ‘ಈ ಕೋರ್ಸ್ ನಿಮಗೆ ಹೊಂದದು’ ಎಂಬ ಸಲಹೆಗೆ ಅಡ್ಡಿಯಿಲ್ಲ. ಓಪನ್ ಈವ್ನಿಂಗ್‌ಗೆ ಹೋದಾಗ ಕೇಳಬೇಕಾದದ್ದು: ಇಯರ್ 12ರಲ್ಲಿ ಕೂತವರೆಷ್ಟು, ಅವರಲ್ಲಿ ಮೂರು ಎ-ಲೆವೆಲ್ ಬರೆದವರೆಷ್ಟು? ಉತ್ತರ ತಡವರಿಸಿದರೆ ಅದೂ ಒಂದು ಉತ್ತರ. ಅಂಕ ಎಣಿಸುವಾಗಲೂ ಎಚ್ಚರ: ಯೂನಿವರ್ಸಿಟಿ ಪ್ರವೇಶದ ಯುಕಾಸ್ ಲೆಕ್ಕದಲ್ಲಿ ಎ-ಸ್ಟಾರ್‌ಗೆ 56, ಎ-ಗೆ 48, ಬಿ-ಗೆ 40, ಸರ್ಕಾರಿ ಪಟ್ಟಿಯಲ್ಲಿ ಅವೇ 60, 50, 40.

ಮಕ್ಕಳು ಮುಂದೆ ಎಲ್ಲಿಗೆ ಹೋದರು ಎಂಬ ಡೆಸ್ಟಿನೇಶನ್ ಪಟ್ಟಿಯಲ್ಲಿ ಮೊದಲು ಹುಡುಕಬೇಕಾದ ಪದ ‘ಆಫರ್’. ಯುಕಾಸ್‌ನಲ್ಲಿ ಒಬ್ಬರು ಐದು ಕೋರ್ಸ್‌ಗಳಿಗೆ ಅರ್ಜಿ ಹಾಕಬಹುದು, ಐದರಿಂದಲೂ ಆಫರ್ ಬರಬಹುದು. ‘ರಸೆಲ್ ಗ್ರೂಪ್‌ನಿಂದ (ಹೆಸರಾಂತ ಸಂಶೋಧನಾ ಯೂನಿವರ್ಸಿಟಿಗಳ ಕೂಟ) 120 ಆಫರ್’ ಎಂದರೆ ಅದು 30 ಮಕ್ಕಳ ಫಲವೂ ಇರಬಹುದು, ಅವರಲ್ಲಿ ಷರತ್ತಿನ ಗ್ರೇಡ್ ಬಾರದೆ ಕ್ಲಿಯರಿಂಗ್‌ನಲ್ಲಿ (ಉಳಿದ ಸೀಟುಗಳ ಹಂಚಿಕೆಯಲ್ಲಿ) ಬೇರೆಡೆ ಸೇರಿದವರೂ ಇರಬಹುದು. ಯೂನಿವರ್ಸಿಟಿಯ ಹೆಸರಷ್ಟೇ ಇದ್ದು ಕೋರ್ಸ್ ಇಲ್ಲದ ಪಟ್ಟಿಯೂ ಅರ್ಧ ಮಾಹಿತಿ. ಒಂದೇ ಯೂನಿವರ್ಸಿಟಿಯಲ್ಲಿ ಮೆಡಿಸಿನ್ ಸೀಟಿಗೂ ಇನ್ನೊಂದು ಕೋರ್ಸಿನ ಸೀಟಿಗೂ ಅಜಗಜಾಂತರ.

ಸರ್ಕಾರದ ಡೆಸ್ಟಿನೇಶನ್ ಅಂಕಿಅಂಶ ಇದಕ್ಕಿಂತ ಗಟ್ಟಿ. ಶಾಲೆ ಬಿಟ್ಟ ಮೇಲೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಓದಿನಲ್ಲಿ ಉಳಿದವರನ್ನು ಮಾತ್ರ ಎಣಿಸುತ್ತಾರೆ. ಸೇರಿ ಕ್ರಿಸ್‌ಮಸ್‌ಗೆ ಬಿಟ್ಟವರು ಲೆಕ್ಕಕ್ಕಿಲ್ಲ. ಅಪ್ರೆಂಟಿಸ್‌ಶಿಪ್, ಉದ್ಯೋಗಕ್ಕೂ ಹೀಗೇ ತಿಂಗಳುಗಳ ಲೆಕ್ಕವಿದೆ. ಇದಕ್ಕೆ ಬೆಲೆಯೆಂದರೆ ತಡ: ಮಾಹಿತಿ ಸುಮಾರು ಎರಡು ವರ್ಷ ಹಳತಾಗಿರುತ್ತದೆ. ಜಿಸಿಎಸ್‌ಇ ನಂತರದ ಸಂಖ್ಯೆಗೆ ಮರುಳಾಗಬೇಡಿ. ಹದಿನೆಂಟರವರೆಗೆ ಓದಿನಲ್ಲೋ ತರಬೇತಿಯಲ್ಲೋ ಇರಬೇಕೆಂಬುದು ಕಾನೂನು, ಆದ್ದರಿಂದ ರಾಷ್ಟ್ರೀಯ ಸರಾಸರಿಯೇ 90 ದಾಟಿದೆ. ಹದಿನೆಂಟರ ನಂತರದ ಪುಟವೇ ನೋಡತಕ್ಕದ್ದು.

ಆ ಪುಟದಲ್ಲೂ ಇರದ ಒಂದು ವಿಷಯ ಊರಿಂದ ಬರುವವರಿಗೆ ಎಲ್ಲಕ್ಕಿಂತ ದುಬಾರಿ. ಪಟ್ಟಿಯಲ್ಲಿರುವ ಮಕ್ಕಳಲ್ಲಿ ಬಹುಪಾಲು ಹೋಮ್ ಫೀ, ಅಂದರೆ ಸ್ಥಳೀಯರಿಗಿರುವ ಕಡಿಮೆ ಶುಲ್ಕ, ಕಟ್ಟುವವರು. 2025-26ಕ್ಕೆ ಇಂಗ್ಲೆಂಡಿನಲ್ಲಿ ಅದರ ಮಿತಿ ವರ್ಷಕ್ಕೆ 9,535 ಪೌಂಡ್, ಅದಕ್ಕೆ ಸರ್ಕಾರಿ ಸಾಲವೂ ಉಂಟು. ಸ್ಕಿಲ್ಡ್ ವರ್ಕರ್ ವೀಸಾದವರ ಡಿಪೆಂಡೆಂಟ್ ಮಗು ಇಲ್ಲಿ ಮೂರು ವರ್ಷ ಓದಿದ ಮಾತ್ರಕ್ಕೆ ಆ ಸಾಲಿಗೆ ಸೇರುವುದಿಲ್ಲ. ಸಾಮಾನ್ಯ ನಿಯಮದಂತೆ ಕೋರ್ಸ್ ಶುರುವಾಗುವ ಹೊತ್ತಿಗೆ ಸೆಟಲ್ಡ್ ಸ್ಟೇಟಸ್, ಅಂದರೆ ಐಎಲ್ಆರ್ (ಕಾಲಮಿತಿಯಿಲ್ಲದೆ ನೆಲೆಸುವ ಅನುಮತಿ), ಕೈಯಲ್ಲಿರಬೇಕು, ಅದರ ಹಿಂದಿನ ಮೂರು ವರ್ಷ ಇಲ್ಲಿ ವಾಸವಿರಬೇಕು. ಇಲ್ಲವಾದರೆ ಓವರ್‌ಸೀಸ್ ಫೀ, ಅದು ಹಲವು ಪಟ್ಟು, ಸಾಲವೂ ಇಲ್ಲ. ಒಂದೇ ತರಗತಿಯಲ್ಲಿ ಅದೇ ಗ್ರೇಡ್ ತೆಗೆದ ಇಬ್ಬರಲ್ಲಿ ಒಬ್ಬರು ಯೂನಿವರ್ಸಿಟಿಗೆ, ಇನ್ನೊಬ್ಬರು ವಾಪಸ್ ಬೆಂಗಳೂರಿಗೆ ಹೋಗುವುದು ಇದೇ ಕಾರಣಕ್ಕೆ. ಮಗು ಇಯರ್ 12 ಸೇರುವ ಮೊದಲೇ ಐಎಲ್ಆರ್ ಅರ್ಹತೆಯ ತಿಂಗಳನ್ನೂ ಕೋರ್ಸ್ ಆರಂಭದ ತಿಂಗಳನ್ನೂ ಪಕ್ಕಪಕ್ಕ ಬರೆದು ನೋಡಿ. ನಿಯಮ ಆಗಾಗ ಬದಲಾಗುತ್ತದೆ. ವಿದೇಶಿ ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ಯುಕೆಸಿಸಾ ಸಂಸ್ಥೆಯ ಫೀ ಸ್ಟೇಟಸ್ ಪುಟಗಳಲ್ಲಿ ವಿವರವಿದೆ. ಅನುಮಾನ ಉಳಿದರೆ ಯೂನಿವರ್ಸಿಟಿಯ ಅಡ್ಮಿಷನ್ಸ್ ಕಚೇರಿಗೆ ಬರೆದು ಫೀ ಅಸೆಸ್‌ಮೆಂಟ್ ಫಾರ್ಮ್ ತರಿಸಿಕೊಂಡು, ಪಾಸ್‌ಪೋರ್ಟ್ ಮತ್ತು ವೀಸಾ ದಾಖಲೆಯ ಜೊತೆ ತುಂಬಿ ಕಳಿಸಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.